ಕೊನೆಗೌಡರ ತೋಳಿನಲ್ಲಿ ಒಂದು ಫಾಸ್ಫೇಟ್

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು, ಮರದ ತುದಿಯಲ್ಲೇ ಜೀಕಿ ಪಕ್ಕದ ಮರ ಹಿಡಿಯುವುದನ್ನು ನೋಡಿದ್ದೀರಲ್ವಾ? ಆ ತಾಕತ್ತು ಎಲ್ಲಿಂದ ಬಂತು ಎಂದರೆ ಜನ ಟಾನಿಕ್ಕು, ಗ್ಲೂಕೋಸ್ ಪುಡಿ ಅಂತಾರೆ. ಆ ಹೊತ್ತಿನ ಬಲಕ್ಕೂ ಅದಕ್ಕೂ ಜಾಸ್ತಿ ಸಂಬಂಧವಿಲ್ಲ. ಸಕ್ಕರೆ ಅವರ ಸ್ನಾಯುವಿನಲ್ಲಿ ಗ್ಲೈಕೋಜೆನ್ ಆಗಿ ಮೊದಲೇ ಕೂತಿದೆ. ಅದನ್ನು ಬಿಡಿಸುವ ಫಾಸ್ಫೊರಿಲೇಸ್ ಕಿಣ್ವವೂ ಅಲ್ಲೇ ಸುಮ್ನೆ ಇದೆ. ಅದನ್ನು ಎಬ್ಬಿಸುವ ಕೆಲಸ ಪ್ರೋಟೀನ್ ಕೈನೇಸಿನದು.

ಕೈನೇಸ್ ಕೂಡ ಒಂದು ಪ್ರೋಟೀನೇ. ಅದರ ಎರಡು ಭಾಗಗಳ ನಡುವಿನ ಸೀಳಿನಲ್ಲಿ ಎಟಿಪಿ ಎಂಬ, ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು ಬಂದು ಕೂರುತ್ತದೆ. ಎಟಿಪಿಯ ತುದಿಯಲ್ಲಿರುವ ಫಾಸ್ಫೇಟ್ ಎಂಬ ರಂಜಕದ ಪುಟ್ಟ ತುಣುಕನ್ನು ಕೈನೇಸ್ ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಫಾಸ್ಫೊರಿಲೇಸಿನ ಒಂದು ಸರಪಳಿಯಲ್ಲಿ ಅಮೈನೋ ಆಮ್ಲ ಎಂಬ ಕೊಂಡಿಗಳು 800ಕ್ಕೂ ಹೆಚ್ಚಿವೆ. ಫಾಸ್ಫೇಟ್ ಕೂರುವುದು ಅದರಲ್ಲಿ ಒಂದೇ ಒಂದಕ್ಕೆ, 14ನೆಯ ಜಾಗದ ಸೆರಿನ್‌ಗೆ. ಅಷ್ಟೇ ಸಾಕು! ಫಾಸ್ಫೇಟಿಗೆ ಋಣ ವಿದ್ಯುದಂಶವಿದೆ. ಧನ ವಿದ್ಯುದಂಶವಿರುವ ಅರ್ಜಿನಿನ್ ಎಂಬ ಅಮೈನೋ ಆಮ್ಲಗಳ ಕಡೆ ಅದು ಸರಿಯುತ್ತದೆ. ಕಾಳಿ ನದಿಯ ಪುಟ್ಟ ದೋಣಿಯಲ್ಲಿ ಒಬ್ಬರು ಅಂಚಿಗೆ ಸರಿದು ಕೂತರೆ ಇಡೀ ದೋಣಿ ವಾಲುವ ಹಾಗೆ, ಕಿಣ್ವದ ಆಕಾರವೇ ಬದಲಾಗಿ ಕೆಲಸದ ಜಾಗ ತೆರೆದುಕೊಳ್ಳುತ್ತದೆ. ಹೊಸ ಪ್ರೋಟೀನ್ ತಯಾರಿಸುವ ರಗಳೆಯಿಲ್ಲ.

ಇದು ಗೊತ್ತಾದದ್ದು 1950ರ ದಶಕದಲ್ಲಿ, ಸಿಯಾಟಲ್‌ನಲ್ಲಿ. ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬ ವಿಜ್ಞಾನಿಗಳು ಮೊಲದ ಸ್ನಾಯುವಿನ ರಸ ತೆಗೆಯುತ್ತಿದ್ದರು. ಫಿಲ್ಟರ್ ಕಾಗದದಲ್ಲಿ ಸೋಸಿದರೆ ಚುರುಕಾದ ಕಿಣ್ವ ಸಿಗುತ್ತಿತ್ತು. ಕಾಗದ ಬಿಟ್ಟು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮಂಕು ಕಿಣ್ವ. ಹುಡುಕಿದರೆ, ಕಾಗದದಲ್ಲಿ ಕ್ಯಾಲ್ಸಿಯಂ ಇತ್ತು! ಸ್ನಾಯು ಬಿಗಿಯುವಾಗ ಜೀವಕೋಶದೊಳಗೆ ಬಿಡುಗಡೆಯಾಗುವುದೂ ಕ್ಯಾಲ್ಸಿಯಮ್ಮೇ. ಅಂದರೆ ಕೊನೆಗೌಡರ ತೋಳು ಬಿಗಿಯಲು ಬಂದ ಸೂಚನೆಯೇ ಕೈನೇಸನ್ನೂ ಎಬ್ಬಿಸಿ ಸಕ್ಕರೆ ಬಿಡಿಸುತ್ತದೆ. ಇದಕ್ಕಿಂತ ಚಂದದ ಏರ್ಪಾಡು ನನಗೆ ಕಂಡಿಲ್ಲ. 1992ರ ನೊಬೆಲ್ ಇವರಿಬ್ಬರಿಗೆ ಬಂತು.

ಅಂಟಿದ ಫಾಸ್ಫೇಟನ್ನು ಕೀಳಲು ಫಾಸ್ಫಟೇಸ್‌ಗಳಿವೆ. ಆದರೆ ಕೈನೇಸೇ ನಿಲ್ಲದಿದ್ದರೆ? ಸಿಎಮ್‌ಎಲ್ ಎಂಬ ಬ್ಲಡ್ ಕ್ಯಾನ್ಸರಿನಲ್ಲಿ ಆಗುವುದು ಅದೇ. ಎಬಿಎಲ್ ಎಂಬ ಕೈನೇಸ್ ಬೇರೊಂದು ಪ್ರೋಟೀನಿನ ತುಂಡಿಗೆ ಅಂಟಿಕೊಂಡು ಸದಾ ಚಾಲೂ ಇರುತ್ತದೆ. ಬಿಳಿ ರಕ್ತಕಣಗಳು ಹೆಚ್ಚುತ್ತಲೇ ಹೋಗುತ್ತವೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಇಮ್ಯಾಟಿನಿಬ್ ಮಾತ್ರೆ ಎಟಿಪಿಯ ಜಾಗದಲ್ಲೇ ಕೂತು ಅದನ್ನು ತಡೆಯುತ್ತದೆ. ಕ್ಯಾನ್ಸರ್ ಔಷಧಿಯೆಲ್ಲ ಬರೀ ವಿಷ ಎಂದು ನಂಬಿ ನಾಟಿ ಮದ್ದಿನ ಹಿಂದೆ ಹೋಗುವವರನ್ನು ಕಂಡರೆ ಸಂಕಟವಾಗುತ್ತದೆ. ಈ ಮಾತ್ರೆ ನುಂಗುತ್ತಾ ವರ್ಷಗಟ್ಟಲೆ ದುಡಿದುಕೊಂಡು ಇರುವವರಿದ್ದಾರೆ. ಡಾಕ್ಟರು ಹೇಳದೆ ದಯವಿಟ್ಟು ಅದನ್ನು ನಿಲ್ಲಿಸಬೇಡಿ.