ಹಸಿರೆಲ್ಲ ಹಕ್ಕಿಗೆ ಕಾಡಲ್ಲ

ಮಲೆನಾಡಿನ ಅಕೇಶಿಯಾ ನೆಡುತೋಪನ್ನು ದೂರದಿಂದ ನೋಡಿದರೆ ಕಾಡಿನ ಹಾಗೇ ಕಾಣುತ್ತದೆ. ಒಳಗೆ ಹೋದರೆ ಮರಗಳೆಲ್ಲ ಹೆಚ್ಚುಕಮ್ಮಿ ಒಂದೇ ವಯಸ್ಸಿನವು, ಒಂದೇ ಎತ್ತರದವು. ಪೊಟರೆ ಬೀಳುವಷ್ಟು ಹಳೆಯ ಮರವಿಲ್ಲ. ಅತ್ತಿ, ಬಸರಿಯಂಥ ಹಣ್ಣಿನ ಮರವೂ ಇಲ್ಲ. ಗಿಡ ನೆಟ್ಟ ಲೆಕ್ಕದಲ್ಲಿ ಇದೂ ಅರಣ್ಯವೇ. ಹಕ್ಕಿಯ ಲೆಕ್ಕ ಬೇರೆ.

ಹಣ್ಣು ತಿಂದು ಬದುಕುವ ದೊಡ್ಡ ಮಂಗಟ್ಟೆಯನ್ನೇ (ಗ್ರೇಟ್ ಹಾರ್ನ್‌ಬಿಲ್) ತಗೊಳ್ಳಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಸೇರಿ, ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಗಂಡೇ ಹಣ್ಣು ತರಬೇಕು. ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದನ್ನೇ ಕಕ್ಕಿ ಸೀಳಿನೊಳಗೆ ಕೊಡುತ್ತದೆ. ಉಗಿದ ಬೀಜಗಳು ಬುಡದಲ್ಲಿ ಬಿದ್ದು ಮೊಳೆಯುತ್ತವೆ. ಈ ಸಂಸಾರ ನಡೆಯಲು ಅಷ್ಟು ದಪ್ಪದ ಮರ ಬೇಕು, ಹಾರಾಟದ ದೂರದಲ್ಲೇ ಹಣ್ಣಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಮರಿಯಿಲ್ಲ.

ಹಾಗಂತ ಜನ ಬೇಸಾಯ ಮಾಡುವ ಜಾಗವೆಲ್ಲ ಹಕ್ಕಿಗೆ ಬರಡಲ್ಲ. ನಮ್ಮ ಕಾಫಿ ತೋಟಗಳೇ ಸಾಕ್ಷಿ. ಪಶ್ಚಿಮಘಟ್ಟದ 61 ತೋಟಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಡನ್ನು ನಂಬಿದ 79 ಜಾತಿಯ ಹಕ್ಕಿಗಳನ್ನು ಅಲ್ಲಿ ಗುರುತಿಸಿತು. ಬೂದುತಲೆಯ ಪಿಕಳಾರ, ನೀಲಗಿರಿ ಕಾಡುಪಾರಿವಾಳದಂಥ ಅಪರೂಪದವೂ ಅದರಲ್ಲಿದ್ದವು. ಕಾರಣ ಕಾಫಿ ಗಿಡವಲ್ಲ, ಮೇಲಿನ ನೆರಳು. ಹಿಂದಿನವರು ಮರಗಸಿ ಮಾಡುತ್ತಿದ್ದರೇ, ಅಂದರೆ ನೆರಳು ಹದಮಾಡಲು ಕೊಂಬೆ ಕಡಿಯುತ್ತಿದ್ದರೇ ಹೊರತು ಕಾಡುಮರಗಳನ್ನು ಪೂರ್ತಿ ತೆಗೆಯಲಿಲ್ಲ.

ಈಗ ಅದೇ ನೆರಳು ಬದಲಾಗುತ್ತಿದೆ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗಿನ ಆಸರೆ ಕೊಡುತ್ತದೆ. ಅದರ ಹೂವಿನ ಮಕರಂದಕ್ಕೆ ಸೂರಕ್ಕಿಗಳು ಬರುವುದು ನಿಜ. ಆದರೆ ಬೀಜ ಒಣಗಿದ್ದು, ಗಾಳಿಗೆ ಹಾರುವಂಥದ್ದು. ಮಂಗಟ್ಟೆ, ಕುಟುರದಂಥ ಹಣ್ಣು ತಿನ್ನುವ ಹಕ್ಕಿಗಳಿಗೆ ಅಲ್ಲಿ ಊಟವಿಲ್ಲ. ಬೆಳೆಗಾರರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಸಿಲ್ವರ್ ಓಕ್ ಕಡಿಯಲು ಕರ್ನಾಟಕದಲ್ಲಿ ಅನುಮತಿ ಬೇಡ. ಹೆಚ್ಚಿನ ಕಾಡುಮರಗಳಿಗೆ ಬೇಕು. ಕಾಪಾಡಲೆಂದು ಮಾಡಿದ ಕಾನೂನೇ ಕಾಡುಮರ ನೆಡುವವರ ಕೈ ಹಿಂದೆಳೆಯುತ್ತಿದೆ. ಇದು ಬದಲಾಗಲೇಬೇಕು.

ಹೋದ ಹಕ್ಕಿ ಮತ್ತೆ ಬರುತ್ತದಾ? ಈ ಪ್ರಶ್ನೆಗೆ ತಮಿಳುನಾಡಿನ ವಾಲ್ಪಾರೈಯಲ್ಲಿ ಭಾಗಶಃ ಉತ್ತರ ಸಿಕ್ಕಿದೆ. ಅಲ್ಲಿ ಚಹಾ ತೋಟಗಳ ನಡುವೆ ಮಳೆಕಾಡು ತುಣುಕು ತುಣುಕಾಗಿ ಉಳಿದಿದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆಯವರು ಎರಡು ದಶಕಗಳಿಂದ ಅಲ್ಲಿ ಲಂಟಾನ ಕಳೆ ಕಿತ್ತು, ಆ ಕಾಡಿನದೇ ಹತ್ತಾರು ಜಾತಿಯ ಸಸಿಗಳನ್ನು ಬೆರೆಸಿ ನೆಡುತ್ತಿದ್ದಾರೆ. ಹಾಗೆ ನೆಟ್ಟ ಜಾಗಗಳನ್ನು, ತಾನಾಗಿ ಬೆಳೆಯಲೆಂದು ಬಿಟ್ಟ ಜಾಗಗಳ ಜೊತೆ ಹೋಲಿಸಿ ನೋಡಿದ್ದಾರೆ. ನೆಟ್ಟಲ್ಲಿ ಮಳೆಕಾಡಿನ ಹಕ್ಕಿಗಳು ಜಾಸ್ತಿ. ಬಿಟ್ಟಲ್ಲಿ ಬಯಲು, ಪೊದೆಗಳ ಹಕ್ಕಿಗಳದ್ದೇ ಮೇಲುಗೈ. ಒಟ್ಟು ಜಾತಿಗಳನ್ನಷ್ಟೇ ಎಣಿಸಿದ್ದರೆ ಈ ವ್ಯತ್ಯಾಸ ಮುಚ್ಚಿಹೋಗಬಹುದಿತ್ತು. ಕಾಡಿನ ಹಕ್ಕಿಯಾದ ಟ್ರೋಗನ್ ಒಂದು ಹೋಗಿ ಬಯಲಿನ ಗೊರವಂಕ ಒಂದು ಬಂದರೆ ಸಂಖ್ಯೆ ಅಷ್ಟೇ ಅಲ್ವಾ? ಆದರೆ ಚೆನ್ನಾಗಿ ನೆಟ್ಟ ಜಾಗವೂ ಪಕ್ಕದ ಹಳೆಯ ಕಾಡಿಗೆ ಇನ್ನೂ ಸಮವಾಗಿಲ್ಲ.