ಬಾಟಲಿಯ ಬೆನ್ನ ಮೇಲೆ ಬರೆದದ್ದು

ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಎರಡು ಕಂಡೀಷನರ್ ಬಾಟಲಿಗಳಿವೆ. ಒಂದು ನಾನು ಬಡಾವಣೆಯ ದಿನಸಿ ಅಂಗಡಿಯಿಂದ ತಂದದ್ದು, 180 ರೂಪಾಯಿ. ಇನ್ನೊಂದು ಕಾಲೇಜಿಗೆಂದು ನಮ್ಮ ಮನೆಯಲ್ಲಿ ಉಳಿದುಕೊಂಡಿರುವ ಅಕ್ಕನ ಮಗಳು ಮೊಬೈಲಿನಲ್ಲಿ ನೋಡಿ ತರಿಸಿಕೊಂಡದ್ದು, 650 ರೂಪಾಯಿ. ಅವಳ ಬಾಟಲಿಯ ಎದೆಯ ಮೇಲೆ ಅರ್ಗಾನ್ ಎಣ್ಣೆ, ಕೆರಾಟಿನ್, ಬಯೋಟಿನ್ ಎಂಬ ಹೆಸರುಗಳು ಬಂಗಾರದ ಬಣ್ಣದಲ್ಲಿ ಹೊಳೆಯುತ್ತವೆ. ಅದರ ಕೆಳಗೆ ‘ಸಲ್ಫೇಟ್ ಇಲ್ಲ, ಸಿಲಿಕೋನ್ ಇಲ್ಲ’ ಎಂಬ ಭರವಸೆ. ನನ್ನದರ ಮೇಲೆ ‘ನಯವಾದ ಕೂದಲಿಗೆ’ ಎಂದಷ್ಟೇ ಇದೆ.

“ಚಿಕ್ಕಮ್ಮ, ನಿಮ್ಮದರಲ್ಲಿ ಇರುವುದೆಲ್ಲ ಕೆಮಿಕಲ್” ಎಂದಳು ಅವಳು. ರಸಾಯನಶಾಸ್ತ್ರ ಓದಿದ ನನಗೆ ಆ ಮಾತನ್ನು ಕೇಳಿ ಸುಮ್ಮನಿರಲು ಆಗಲಿಲ್ಲ. ಭಾನುವಾರ ಮಧ್ಯಾಹ್ನ ಎರಡೂ ಬಾಟಲಿಗಳನ್ನು ಊಟದ ಮೇಜಿನ ಮೇಲಿಟ್ಟು, ಬೆನ್ನು ತಿರುಗಿಸಿ, ಭೂತಗನ್ನಡಿ ಹಿಡಿದು ಓದಲು ಕುಳಿತೆವು.

ಅಂಗಡಿಯ ಬಾಟಲಿಯಲ್ಲಿ ಇದ್ದದ್ದು ಇಷ್ಟು: ನೀರು, ಸೀಟೈಲ್ ಆಲ್ಕೋಹಾಲ್, ಸ್ಟಿಯರೈಲ್ ಆಲ್ಕೋಹಾಲ್, ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಅಮೋಡೈಮೆಥಿಕೋನ್, ಸುಗಂಧ, ಲ್ಯಾಕ್ಟಿಕ್ ಆಮ್ಲ, ಇಡಿಟಿಎ, ಕೊನೆಯಲ್ಲಿ ನಾಲಿಗೆ ಹೊರಳದ ಎರಡು ಹೆಸರುಗಳು. ಅವಳದರಲ್ಲಿ: ನೀರು, ಸೀಟಿಯರೈಲ್ ಆಲ್ಕೋಹಾಲ್, ಗ್ಲಿಸರಿನ್, ಬೆಹೆನ್‌ಟ್ರೈಮೋನಿಯಂ ಮೆಥೋಸಲ್ಫೇಟ್, ತೆಂಗಿನೆಣ್ಣೆ, ಗ್ವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್, ಫಿನಾಕ್ಸಿಎಥನಾಲ್, ಸುಗಂಧ, ಅರ್ಗಾನ್ ಎಣ್ಣೆ, ಹೈಡ್ರೊಲೈಸ್ಡ್ ಕೆರಾಟಿನ್, ಬಯೋಟಿನ್, ಸಿಟ್ರಿಕ್ ಆಮ್ಲ. ಹೆಸರುಗಳ ಉದ್ದ ನೋಡಿ ಅವಳ ಮುಖ ಸಪ್ಪಗಾಯಿತು. ತನ್ನ ಬಾಟಲಿಯಲ್ಲಿ ‘ಕೆಮಿಕಲ್’ ಕಡಿಮೆ ಇರಬಹುದೆಂದು ಅವಳು ನಂಬಿದ್ದಳು.

ಮೊದಲು ಕೂದಲಿನ ವಿಷಯ. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದರ ಹೊರಮೈಯಲ್ಲಿ ನಾಡಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸೇರಿಕೊಂಡ ಹುರುಪೆಗಳಿರುತ್ತವೆ. ಒಂದೊಂದು ಹುರುಪೆಯ ದಪ್ಪ ಸುಮಾರು ಅರ್ಧ ಮೈಕ್ರಾನ್, ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಹೊಸ ಕೂದಲಿನಲ್ಲಿ ಈ ಹೆಂಚುಗಳ ಮೇಲೆ ಕೊಬ್ಬಿನಾಮ್ಲದ ಅತಿ ತೆಳುವಾದ ಪದರವೊಂದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನೀರನ್ನು ದೂರವಿಡುವುದು, ಎಳೆಗಳು ಒಂದರ ಮೇಲೊಂದು ಜಾರುವಂತೆ ಮಾಡುವುದು ಅದೇ. ಬಿಸಿಲು, ಬಾಚಣಿಗೆ, ಬಣ್ಣ, ಬ್ಲೀಚ್ ಅದನ್ನು ಸವೆಸುತ್ತವೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಕ್ಕನ ಮಗಳ ಜಡೆ 60 ಸೆಂಟಿಮೀಟರ್. ಅಂದರೆ ಅವಳು ಈಗ ಕೈಯಲ್ಲಿ ಹಿಡಿದಿರುವ ತುದಿ ಹುಟ್ಟಿದಾಗ ಅವಳು ಎಂಟನೆಯ ತರಗತಿಯಲ್ಲಿದ್ದಳು. ಐದು ವರ್ಷ ಪ್ರತಿದಿನ ಉಟ್ಟ ಬಟ್ಟೆಯ ಸ್ಥಿತಿ ಹೇಗಿರುತ್ತದೋ ಹಾಗೆಯೇ ಆ ತುದಿಯೂ ಇರುತ್ತದೆ. ಬುಡದ ಕೂದಲಿಗೂ ತುದಿಯ ಕೂದಲಿಗೂ ಒಂದೇ ಆರೈಕೆ ಸಾಲದು ಎಂಬುದನ್ನು ಬಾಟಲಿಗಳು ಹೇಳುವುದೇ ಇಲ್ಲ ಎಂಬುದು ನನ್ನ ದೂರು.

ಮೇಲಿನ ಪದರ ಸವೆದ ಜಾಗದಲ್ಲಿ ಪ್ರೋಟೀನ್ ಬಯಲಾಗುತ್ತದೆ, ಅಲ್ಲಿ ಋಣ ವಿದ್ಯುದಂಶ ಹೆಚ್ಚುತ್ತದೆ. ಆಮ್ಲೀಯತೆಯ ಅಳತೆಯಾದ ಪಿಎಚ್ ಸುಮಾರು 3.7ಕ್ಕಿಂತ ಮೇಲಿರುವಾಗಲೆಲ್ಲ ಕೂದಲಿನ ಮೈ ಋಣವಾಗಿಯೇ ಇರುತ್ತದೆ. ನಾವು ಸ್ನಾನ ಮಾಡುವ ನೀರು ಯಾವಾಗಲೂ ಅದಕ್ಕಿಂತ ಮೇಲೆಯೇ. ಕಂಡೀಷನರಿನ ಗುಟ್ಟು ಇರುವುದು ಇಲ್ಲಿ. ಎರಡೂ ಪಟ್ಟಿಗಳಲ್ಲಿ ‘ಬೆಹೆನ್‌ಟ್ರೈಮೋನಿಯಂ’ ಎಂಬ ಹೆಸರಿದೆಯಲ್ಲ, ಅದರ ಅಣುವಿನ ತಲೆ ಧನ ವಿದ್ಯುದಂಶದ್ದು, ಬಾಲ 22 ಇಂಗಾಲಗಳ ಕೊಬ್ಬಿನ ಸರಪಳಿ. ತಲೆ ಕೂದಲಿಗೆ ಅಂಟಿಕೊಳ್ಳುತ್ತದೆ, ಬಾಲ ಹೊರಗೆ ಚಾಚಿಕೊಂಡು ಕಳೆದುಹೋದ ಕೊಬ್ಬಿನ ಪದರದ ಕೆಲಸವನ್ನು ತಾತ್ಕಾಲಿಕವಾಗಿ ವಹಿಸಿಕೊಳ್ಳುತ್ತದೆ. ಎಲ್ಲಿ ಹೆಚ್ಚು ಹಾಳಾಗಿದೆಯೋ ಅಲ್ಲಿ ಋಣ ಹೆಚ್ಚು. ಎಲ್ಲಿ ಋಣ ಹೆಚ್ಚೋ ಅಲ್ಲಿ ಈ ಅಣುಗಳೂ ಹೆಚ್ಚಾಗಿ ಕೂರುತ್ತವೆ. ಯಾರೂ ತೋರಿಸಿಕೊಡದೆ ಮುಲಾಮು ತಾನಾಗಿಯೇ ಗಾಯವನ್ನು ಹುಡುಕಿಕೊಂಡು ಹೋಗುತ್ತದೆ. ಇಷ್ಟು ವರ್ಷ ಕಳೆದರೂ ಈ ಸಂಗತಿ ನನ್ನನ್ನು ಬೆರಗಾಗಿಸುತ್ತದೆ.

ಒಂದರಲ್ಲಿ ಕ್ಲೋರೈಡ್, ಇನ್ನೊಂದರಲ್ಲಿ ಮೆಥೋಸಲ್ಫೇಟ್. ಅಷ್ಟಕ್ಕೇ ಇವೆರಡೂ ಬೇರೆ ಬೇರೆ ಪದಾರ್ಥಗಳೆಂದು ಅಂದುಕೊಳ್ಳಬೇಕಿಲ್ಲ. ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂ ಮತ್ತು ಕ್ಲೋರೈಡ್ ಬೇರೆಯಾಗುವಂತೆ ಇವುಗಳ ಜೋಡಿಯೂ ಬೇರೆಯಾಗುತ್ತದೆ. ಕೂದಲಿಗೆ ಅಂಟುವ ಭಾಗ ಎರಡರಲ್ಲೂ ಒಂದೇ. ‘ಸಲ್ಫೇಟ್ ಇಲ್ಲ’ ಎಂದ ಬಾಟಲಿಯಲ್ಲಿ ‘ಮೆಥೋಸಲ್ಫೇಟ್’ ಕಂಡು ಅಕ್ಕನ ಮಗಳು ಕಣ್ಣರಳಿಸಿದಳು. ಅದು ಮೋಸವಲ್ಲ. ಜನ ಹೆದರುವ ಸಲ್ಫೇಟ್ ಶಾಂಪೂವಿನಲ್ಲಿ ನೊರೆ ಬರಿಸುವ ಲಾರೈಲ್ ಸಲ್ಫೇಟ್ ಜಾತಿಯದು, ಅದರ ವಿದ್ಯುದಂಶ ಋಣ. ಧನ ಅಣುಗಳ ಕಂಡೀಷನರಿಗೆ ಅದನ್ನು ಬೆರೆಸಿದರೆ ಎರಡೂ ಒಂದನ್ನೊಂದು ಹಿಡಿದುಕೊಂಡು, ಹಾಲು ಒಡೆದ ಹಾಗೆ ಒಡೆದುಹೋಗುತ್ತವೆ. ಹಾಗಾಗಿ ಸಾಮಾನ್ಯ ಕಂಡೀಷನರಿನಲ್ಲಿ ಆ ಸಲ್ಫೇಟ್ ಮೊದಲಿನಿಂದಲೂ ಇರುವುದಿಲ್ಲ. ಇಲ್ಲದ್ದನ್ನು ‘ಇಲ್ಲ’ ಎಂದು ದೊಡ್ಡದಾಗಿ ಬರೆದು ಬೆಲೆ ಏರಿಸುವುದು ನನಗೆ ಸರಿಕಾಣುವುದಿಲ್ಲ.

‘ಬೆಹೆನ್’ ಎಂಬ ಪದ ಬಂದ ದಾರಿಯನ್ನು ಹೇಳಲೇಬೇಕು. ಅದು ಬೆಹೆನಿಕ್ ಆಮ್ಲದ ಹೆಸರು. ಆ ಆಮ್ಲಕ್ಕೆ ಹೆಸರು ಕೊಟ್ಟದ್ದು ಬೆನ್ ಎಣ್ಣೆ, ಅಂದರೆ ನುಗ್ಗೆ ಬೀಜದ ಎಣ್ಣೆ. ಸಾರಿಗೆ ಹಾಕುವ ಅದೇ ನುಗ್ಗೆ. ಇಂದು ಕಾರ್ಖಾನೆಗಳು ಇದನ್ನು ಹೆಚ್ಚಾಗಿ ಸಾಸಿವೆಯ ಬಳಗದ ರೇಪ್‌ಸೀಡ್ ಎಣ್ಣೆಯಿಂದ ತಯಾರಿಸುತ್ತವೆ, ಆದರೂ ಹೆಸರಿನಲ್ಲಿ ನುಗ್ಗೆ ಉಳಿದುಕೊಂಡಿದೆ. ಎರಡನೆಯ ಬಾಟಲಿಯ ‘ಗ್ವಾರ್’ ಕೂಡ ನಮ್ಮ ಅಡುಗೆಮನೆಯದೇ: ಗೋರಿಕಾಯಿ, ಉತ್ತರ ಕರ್ನಾಟಕದವರ ಚವಳಿಕಾಯಿ. ಅದರ ಬೀಜದ ಅಂಟಿಗೆ ಧನ ವಿದ್ಯುದಂಶದ ಗುಂಪುಗಳನ್ನು ಜೋಡಿಸಿ ಕೂದಲಿಗೆ ಹಿಡಿದುಕೊಳ್ಳುವಂತೆ ಮಾಡಿದ್ದಾರೆ. ದಾಸವಾಳದ ಸೊಪ್ಪನ್ನು ಕಿವುಚಿ ತೆಗೆದ ಲೋಳೆಯಿಂದ ಕೂದಲು ನುಣುಪಾಗುವುದೂ ಇಂಥದೇ ಉದ್ದನೆಯ ಸಕ್ಕರೆ ಸರಪಳಿಗಳಿಂದ.

ಇನ್ನು ಆಲ್ಕೋಹಾಲ್. ಆ ಪದ ಕಂಡೊಡನೆ ಕೂದಲು ಒಣಗುತ್ತದೆ ಎಂದು ಹೆದರುವವರು ಬಹಳ. ಒಣಗಿಸುವುದು ಎರಡೇ ಇಂಗಾಲಗಳಿರುವ, ತಟ್ಟನೆ ಆರಿಹೋಗುವ ಎಥನಾಲ್. ಸೀಟೈಲ್ ಆಲ್ಕೋಹಾಲಿನಲ್ಲಿ ಇಂಗಾಲಗಳು 16, ಸ್ಟಿಯರೈಲಿನಲ್ಲಿ 18. ‘ಸೀಟಿಯರೈಲ್’ ಎಂದರೆ ಇವೆರಡರ ಮಿಶ್ರಣವೇ. ಕೈಗೆ ತೆಗೆದುಕೊಂಡರೆ ಬಿಳಿ ಮೇಣದ ಚೂರಿನ ಹಾಗಿರುತ್ತವೆ. ಫ್ರಾನ್ಸಿನ ಮಿಷೆಲ್ ಯೂಜೀನ್ ಷೆವ್ರಲ್ 1817ರ ಸುಮಾರಿಗೆ ತಿಮಿಂಗಿಲದ ತಲೆಯಲ್ಲಿ ಸಿಗುವ ಮೇಣವನ್ನು ಕ್ಷಾರದೊಂದಿಗೆ ಕಾಯಿಸಿ ಸೀಟೈಲ್ ಆಲ್ಕೋಹಾಲನ್ನು ಮೊದಲು ಬೇರ್ಪಡಿಸಿದರು. ಲ್ಯಾಟಿನ್ನಿನಲ್ಲಿ ಸೀಟಸ್ ಎಂದರೆ ತಿಮಿಂಗಿಲ. ಈಗ ಅದು ಬರುವುದು ತಾಳೆ ಎಣ್ಣೆ, ತೆಂಗಿನೆಣ್ಣೆಗಳಿಂದ. ಈ ಮೇಣವೂ ಧನ ಅಣುಗಳೂ ಬಿಸಿ ನೀರಿನಲ್ಲಿ ಬೆರೆತು ತಣಿಯುವಾಗ ಚಿರೋಟಿಯ ಹಾಗೆ ಪದರ ಪದರವಾಗಿ ಜೋಡಣೆಯಾಗುತ್ತವೆ, ಪದರಗಳ ನಡುವೆ ನೀರು ಸಿಕ್ಕಿಕೊಳ್ಳುತ್ತದೆ. ಕಂಡೀಷನರಿನ ಬಹುಪಾಲು ನೀರೇ ಆಗಿದ್ದರೂ ಅದು ಬೆಣ್ಣೆಯಂತೆ ಗಟ್ಟಿಯಾಗಿ ನಿಲ್ಲುವುದು ಇದರಿಂದ.

ಅಂದರೆ ಎರಡು ಬಾಟಲಿಗಳ ಬೆನ್ನೆಲುಬು ಒಂದೇ: ನೀರು, ಮೇಣದ ಆಲ್ಕೋಹಾಲ್, ಬೆಹೆನ್‌ಟ್ರೈಮೋನಿಯಂ. ಹಾಗಾದರೆ 470 ರೂಪಾಯಿಯ ಅಂತರ ಎಲ್ಲಿಂದ ಬಂತು?

ಅದಕ್ಕೆ ಪಟ್ಟಿಯಲ್ಲಿ ಒಂದು ಗಡಿಕಲ್ಲನ್ನು ಹುಡುಕಬೇಕು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಅವುಗಳ ನಂತರ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಗಡಿ ಎಲ್ಲಿದೆ ಎಂದು ಬಾಟಲಿ ಹೇಳುವುದಿಲ್ಲ, ಆದರೆ ಫಿನಾಕ್ಸಿಎಥನಾಲ್ ಹೇಳುತ್ತದೆ. ಕೆಡದಂತೆ ಕಾಯುವ ಈ ಪದಾರ್ಥಕ್ಕೆ ಯುರೋಪು ವಿಧಿಸಿರುವ ಮಿತಿ ಶೇಕಡಾ 1. ತಯಾರಕರು ಸಾಮಾನ್ಯವಾಗಿ ಆ ಮಿತಿಯೊಳಗೇ ಇರುತ್ತಾರೆ. ಅದರ ನಂತರ ಬರೆದದ್ದೆಲ್ಲ ಶೇಕಡಾ 1ನ್ನು ಮೀರದು. ಅಕ್ಕನ ಮಗಳ ಬಾಟಲಿಯಲ್ಲಿ ಅರ್ಗಾನ್, ಕೆರಾಟಿನ್, ಬಯೋಟಿನ್ ಮೂರೂ ಫಿನಾಕ್ಸಿಎಥನಾಲಿನ ಆಚೆಗಿದ್ದವು. ಎದೆಯ ಮೇಲೆ ಬಂಗಾರದ ಅಕ್ಷರ, ಬೆನ್ನ ಮೇಲೆ ಕೊನೆಯ ಸಾಲು. ಬಯೋಟಿನ್ ಎಂಬ ವಿಟಮಿನ್ ಬೇಕಾಗಿರುವುದು ನೆತ್ತಿಯೊಳಗಿನ ಜೀವಂತ ಬುಡಕ್ಕೆ. ಎರಡು ನಿಮಿಷ ಹಚ್ಚಿ ತೊಳೆದು ಬಿಡುವ ಪದಾರ್ಥದಿಂದ ಸತ್ತ ಎಳೆಗೆ ಅದನ್ನು ಉಣಿಸಲಾಗದು. ಒಡೆದ ಕೆರಾಟಿನ್ ಒಂದಿಷ್ಟು ಮೇಲ್ಮೈಗೆ ಅಂಟಿ ಮೃದುತ್ವ ಕೊಡಬಹುದು, ಆದರೆ ಹಾಳಾದ ಕೂದಲನ್ನು ಮತ್ತೆ ಕಟ್ಟಿಕೊಡುವುದಿಲ್ಲ.

ತೆಂಗಿನೆಣ್ಣೆ ಮಾತ್ರ ಗಡಿಯ ಈಚೆಗಿತ್ತು. ಅದರ ಬಗ್ಗೆ ನನಗೆ ಗೌರವವಿದೆ. ಆರತಿ ರೇಲೆ ಮತ್ತು ಆರ್.ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಖನಿಜ ತೈಲ, ಸೂರ್ಯಕಾಂತಿ ಎಣ್ಣೆ ಮತ್ತು ತೆಂಗಿನೆಣ್ಣೆಯನ್ನು ಹೋಲಿಸಿದಾಗ, ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಒಂದೇ. ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲದ ಚಿಕ್ಕ, ನೇರ ಸರಪಳಿ ಕೂದಲಿನ ಒಳಗೆ ಇಳಿಯುತ್ತದೆ. ಸಂಶೋಧಕರು ತೆಂಗಿನೆಣ್ಣೆ ಮಾರುವ ಮಾರಿಕೋ ಕಂಪನಿಯವರು ಎಂಬುದನ್ನೂ ಹೇಳಬೇಕು. ಆದರೆ ಆ ಪ್ರಯೋಗಗಳಲ್ಲಿ ಹಚ್ಚಿದ್ದು ಅಚ್ಚ ಎಣ್ಣೆಯನ್ನು. ತಲೆಸ್ನಾನಕ್ಕೆ ಮುಂಚೆ ಒಂದು ಚಮಚ ಎಣ್ಣೆ ಹಚ್ಚಿ ನೆನೆಸುವ ಅಮ್ಮನ ಪದ್ಧತಿಗೆ ಅದು ಒದಗಿಸುವ ಬೆಂಬಲ, ತೊಳೆದು ಹೋಗುವ ಕ್ರೀಮಿನಲ್ಲಿನ ಸ್ವಲ್ಪ ಎಣ್ಣೆಗೆ ಅಷ್ಟಾಗಿ ಸಲ್ಲುವುದಿಲ್ಲ.

ನಿಜವಾದ ವ್ಯತ್ಯಾಸವೊಂದು ನನ್ನ ಬಾಟಲಿಯಲ್ಲಿತ್ತು: ಅಮೋಡೈಮೆಥಿಕೋನ್, ಸಿಲಿಕೋನಿನ ಒಂದು ಬಗೆ. ಇದರಲ್ಲಿರುವ ಅಮೈನ್ ಗುಂಪುಗಳು ಆಮ್ಲೀಯ ಕ್ರೀಮಿನಲ್ಲಿ ಧನವಾಗುವುದರಿಂದ ಇದೂ ಸವೆದ ಜಾಗವನ್ನೇ ಹುಡುಕಿ ಹಿಡಿಯುತ್ತದೆ. ಸಿಲಿಕೋನ್ ಕೂದಲಿನ ಉಸಿರು ಕಟ್ಟಿಸುತ್ತದೆ ಎನ್ನುವವರಿದ್ದಾರೆ. ಕೂದಲು ಉಸಿರಾಡುವುದಿಲ್ಲ. ಪರಿಸರದ ಪ್ರಶ್ನೆ ಬೇರೆ. ಸೈಕ್ಲೋಪೆಂಟಾಸಿಲೋಕ್ಸೇನಿನಂಥ ಆವಿಯಾಗುವ ಸಿಲಿಕೋನುಗಳು ಬಹುಕಾಲ ಕೊಳೆಯದೆ ಉಳಿಯುತ್ತವೆ ಎಂಬ ಕಾರಣಕ್ಕೆ, ತೊಳೆದು ಬಿಡುವ ಉತ್ಪನ್ನಗಳಲ್ಲಿ ಅವು ಶೇಕಡಾ 0.1ರಷ್ಟಾಗಲಿ ಅದಕ್ಕಿಂತ ಹೆಚ್ಚಾಗಲಿ ಇರಬಾರದೆಂದು 2020ರಿಂದ ಯುರೋಪು ತಡೆದಿದೆ. ಆ ಹೆಸರು ನಮ್ಮ ಎರಡೂ ಪಟ್ಟಿಗಳಲ್ಲಿ ಇರಲಿಲ್ಲ.

ಓದಿದ್ದು ಸಾಕು, ನೋಡೋಣ ಎಂದು ಅವಳೇ ತಲೆ ಒಡ್ಡಿದಳು. ನಟ್ಟನಡುವೆ ಬೈತಲೆ ತೆಗೆದು, ಇಡೀ ತಲೆಗೆ ಒಂದೇ ಶಾಂಪೂ ಹಾಕಿ ತೊಳೆದು, ಎಡಕ್ಕೆ ಒಂದು ಚಮಚ, ಬಲಕ್ಕೆ ಒಂದು ಚಮಚ. ಯಾವ ಕಡೆಗೆ ಯಾವುದು ಎಂದು ನನಗೆ ಹೇಳಬಾರದೆಂದು ಒಪ್ಪಂದವಾಗಿತ್ತು. ಎರಡು ನಿಮಿಷ ಬಿಟ್ಟು ತೊಳೆದುಕೊಂಡು ಬಂದಳು, ನಾನು ಅಗಲ ಹಲ್ಲಿನ ಬಾಚಣಿಗೆ ಹಿಡಿದೆ. ಎಡಗಡೆ ನೆತ್ತಿಯಿಂದ ಸಲೀಸಾಗಿ ಇಳಿದ ಬಾಚಣಿಗೆ ತುದಿಗೆ ಗೇಣುದ್ದ ಇರುವಾಗ ನಿಂತಿತು. ಸಿಕ್ಕನ್ನು ಬೆರಳಿನಿಂದ ಬಿಡಿಸಬೇಕಾಯಿತು, ಹಲ್ಲಿನಲ್ಲಿ ಏಳೆಂಟು ಎಳೆಗಳು ಉಳಿದವು. ಬಲಗಡೆ ಅದೇ ಜಾಗದಲ್ಲಿ ಸ್ವಲ್ಪ ತಡೆದು ಜಾರಿತು, ಎರಡೇ ಎಳೆಗಳು. ಬಲಗಡೆಯದು 180 ರೂಪಾಯಿಯದು. ಮರುದಿನ ಒಣಗಿದ ಮೇಲೆ ಬುಡದಲ್ಲಿ ಎರಡೂ ಕಡೆ ಒಂದೇ ತೆರ. ಎಡಗಡೆ ಹಗುರವಾಗಿ, ತುಂಬಿಕೊಂಡಂತೆ ಕಾಣುತ್ತಿತ್ತು, ಅವಳಿಗೆ ಅದೇ ಇಷ್ಟವಾಯಿತು. ಒಂದು ತಲೆಯ ಪ್ರಯೋಗ ಎಲ್ಲರ ತಲೆಗೂ ಅನ್ವಯಿಸುವುದಿಲ್ಲ. ಅವಳದು ಒಮ್ಮೆ ಬ್ಲೀಚ್ ಮಾಡಿಸಿ ಬಣ್ಣ ಹಾಕಿಸಿದ ತುದಿ, ಸಿಲಿಕೋನಿಗೆ ಅಲ್ಲಿ ಕೆಲಸ ಜಾಸ್ತಿ. ತೆಳುವಾದ, ಬಣ್ಣ ಕಾಣದ ಕೂದಲಿಗೆ ಅದು ಭಾರವಾಗಿ ಜೋತುಬೀಳಬಹುದು.

ಇಷ್ಟಾದ ಮೇಲೆ ನಾನು ಗೆದ್ದೆ ಎಂದುಕೊಂಡಿದ್ದೆ. ಆಗ ಊರಿನಿಂದ ಅತ್ತಿಗೆ ಬಂದರು. ಒಂದು ವಾರ ನನ್ನ ಬಾಟಲಿಯನ್ನೇ ಬಳಸಿದ ಅವರಿಗೆ ಕತ್ತಿನ ಹಿಂಬದಿಯಲ್ಲಿ, ಕಿವಿಯ ಹಿಂದೆ ಕೆಂಪಗೆ ದದ್ದು, ತುರಿಕೆ. ಚರ್ಮರೋಗ ತಜ್ಞೆ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷಿಸಿದಾಗ ಕೆರಳಿಸಿದ್ದು, ಕ್ರೀಮು ಕೆಡದಂತೆ ಕಾಯುವ ಮಿಥೈಲ್‌ಐಸೋಥಯಾಜೋಲಿನೋನ್ ಎಂದು ತಿಳಿಯಿತು. ನನ್ನ ಬಾಟಲಿಯ ಪದಾರ್ಥಗಳ ಪಟ್ಟಿಯ ಕೊನೆಯಲ್ಲಿದ್ದ, ನಾಲಿಗೆ ಹೊರಳದ ಎರಡು ಹೆಸರುಗಳಲ್ಲಿ ಒಂದು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತ್ತು. ಮೈಮೇಲೆ ಹಾಗೆಯೇ ಉಳಿಯುವ ಕ್ರೀಮುಗಳಲ್ಲಿ ಯುರೋಪು ಇದನ್ನು ನಿಷೇಧಿಸಿದೆ. ತೊಳೆದು ಬಿಡುವವುಗಳಲ್ಲಿ ಈ ಎರಡು ಹೆಸರುಗಳ ಜೋಡಿಗೆ ಅಲ್ಲಿರುವ ಮಿತಿ ಶೇಕಡಾ 0.0015. ಅಂದರೆ 200 ಗ್ರಾಂ ಬಾಟಲಿಯಲ್ಲಿ ಮೂರು ಮಿಲಿಗ್ರಾಂ. ಗಡಿಕಲ್ಲಿನ ಆಚೆಗಿರುವುದೆಲ್ಲ ಲೆಕ್ಕಕ್ಕಿಲ್ಲ ಎಂದು ಅಕ್ಕನ ಮಗಳಿಗೆ ಹೇಳಿಕೊಟ್ಟಿದ್ದೆ. ಕೂದಲಿನ ಮಟ್ಟಿಗೆ ಅದು ಬಹುಪಾಲು ನಿಜ, ಚರ್ಮದ ಮಟ್ಟಿಗೆ ಅಲ್ಲವೇ ಅಲ್ಲ.

ಅತ್ತಿಗೆ ಊರಿಗೆ ಹೊರಟಾಗ ಅವಳು ತನ್ನ 650 ರೂಪಾಯಿಯ ಬಾಟಲಿಯನ್ನು ಅವರ ಚೀಲಕ್ಕೆ ಹಾಕಿದಳು. ಅದರಲ್ಲಿ ಕೆಡದಂತೆ ಕಾಯುತ್ತಿದ್ದದ್ದು ಫಿನಾಕ್ಸಿಎಥನಾಲ್. ಮೂರು ವಾರದ ನಂತರ ಫೋನು ಮಾಡಿದ ಅತ್ತಿಗೆ, ಕತ್ತಿನ ದದ್ದು ಪೂರ್ತಿ ಮಾಯವಾಗಿದೆ ಎಂದರು.