ಪದ ಪರಿಚಯ: ನಡತೆ, ಚಾರಿತ್ರ್ಯ

ಹೆಂಡತಿಯ ಕೊಲೆ ಪ್ರಕರಣದ ಸುದ್ದಿಯೊಂದರಲ್ಲಿ ‘ಆರೋಪಿಯ ಚಾರಿತ್ರ್ಯದ ಬಗ್ಗೆ ನೆರೆಯವರ ಸಾಕ್ಷ್ಯ’ ಎಂಬ ಸಾಲು ಮತ್ತೆ ಕಣ್ಣಿಗೆ ಬಿತ್ತು. ನೆರೆಯವರು ಹೇಳಿದ್ದು ಚಾರಿತ್ರ್ಯದ ಮಾತೇ ಅಲ್ಲ. ಅವನು ಆಕೆಗೆ ಹೊಡೆಯುತ್ತಿದ್ದದ್ದನ್ನು ಕಂಡಿದ್ದೇವೆ ಎಂದರು, ಅಷ್ಟೇ. ಕಾರವಾರದ ಸೆಷನ್ಸ್ ನ್ಯಾಯಾಲಯದ ಅಂಗಳದಿಂದ ಶಿರಸಿಯ ಬಸ್ ನಿಲ್ದಾಣದವರೆಗೆ ಈ ಎರಡು ಪದಗಳು ಅದಲುಬದಲಾಗುತ್ತಲೇ ಇವೆ.

ಎರಡರ ಮೂಲವೂ ನಡೆಯುವುದೇ. ಕನ್ನಡದ ‘ನಡೆ’ಯಿಂದ ನಡತೆ ಬಂತು, ಸಂಸ್ಕೃತದ ‘ಚರ್’ ಧಾತುವಿನಿಂದ ಚರಿತ್ರ, ಅದರಿಂದ ಚಾರಿತ್ರ್ಯ. ಶಾಲೆ ಬಿಡುವಾಗ ಕೊಡುವ ನಡತೆ ಪ್ರಮಾಣಪತ್ರ ನಿಜಕ್ಕೂ ಹೇಳುವುದು ಚಾರಿತ್ರ್ಯವನ್ನು. ಗೊಂದಲಕ್ಕೆ ಕಾರಣ ಇದ್ದೇ ಇದೆ. ಆದರೆ ಕಾನೂನಿನಲ್ಲಿ ನಡತೆ ಎಂದರೆ ಮಾಡಿದ ಕೆಲಸ. ಚಾರಿತ್ರ್ಯ ಎಂದರೆ ಮನುಷ್ಯ ಎಂಥವನು ಎಂಬ ಒಟ್ಟು ತೀರ್ಮಾನ. ಇನ್ನು ಈ ಮಾತು ಹೆಣ್ಣಿನ ಕಡೆ ತಿರುಗಿದರಂತೂ ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬ ತಲೆಬರಹ ಸಿದ್ಧವಾಗಿರುತ್ತದೆ. ಸತ್ತವಳ ಶೀಲ ಅಲ್ಲಿ ಯಾರೂ ಕೇಳದ ಪ್ರಶ್ನೆ. ಆ ಪದ ಮೊದಲು ಹೋಗಬೇಕು.

1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಂದು ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಈ ಭೇದ ಹಾಗೆಯೇ ಉಳಿದಿದೆ. ಆರೋಪಿ ಕೆಟ್ಟವನು ಎಂದು ತೋರಿಸುವ ಸಾಕ್ಷ್ಯಕ್ಕೆ 49ನೇ ಕಲಂ ತಡೆ ಹಾಕುತ್ತದೆ. ಅವನೇ ಮೊದಲು ತಾನು ಒಳ್ಳೆಯವನೆಂದು ಸಾಕ್ಷ್ಯ ಕೊಟ್ಟರೆ ತಡೆ ಇಲ್ಲ. ‘ಊರಿಗೆ ಉಪಕಾರಿ’ ಎಂದು ನಾಲ್ವರನ್ನು ಕರೆತರುವ ವಕೀಲರು ಈ ಬಾಗಿಲನ್ನು ತಾವೇ ತೆರೆಯುತ್ತಾರೆ. ನಡತೆ ಮತ್ತು ಉದ್ದೇಶದ ದಾರಿ ಬೇರೆ, ಅದು 6 ಮತ್ತು 12ನೇ ಕಲಂಗಳಲ್ಲಿ. ಹಳೆಯ ಕಾಯ್ದೆಯಲ್ಲಿ ಈ 12ಕ್ಕೆ ಸಮನಾಗಿದ್ದ 14ನೇ ಕಲಮಿನ ಒಂದು ದೃಷ್ಟಾಂತವನ್ನು ಓದಿದರೆ ಎಲ್ಲ ತಿಳಿಯುತ್ತದೆ: ಒಬ್ಬನು ಇನ್ನೊಬ್ಬನನ್ನು ಗುಂಡಿಕ್ಕಿ ಕೊಂದ ಆರೋಪವಿದೆ. ಅದೇ ವ್ಯಕ್ತಿಯ ಮೇಲೆ ಅವನು ಹಿಂದೆಯೂ ಗುಂಡು ಹಾರಿಸಿದ್ದ ಎಂಬುದು ಸುಸಂಗತ, ಅಂದರೆ ಪ್ರಕರಣಕ್ಕೆ ಸಂಬಂಧಿಸಿದ್ದೆಂದು ನ್ಯಾಯಾಲಯ ಪರಿಗಣಿಸಬಹುದಾದದ್ದು. ಕೊಲ್ಲುವ ಉದ್ದೇಶದಿಂದ ಜನರ ಮೇಲೆ ಗುಂಡು ಹಾರಿಸುವುದೇ ಅವನ ಚಾಳಿ ಎಂಬುದು ಸುಸಂಗತವಲ್ಲ. ಗುಂಡಿನ ಜಾಗದಲ್ಲಿ ಕೈಯನ್ನಿಡಿ. ಆಕೆಯ ಮೇಲೆಯೇ ಎತ್ತಿದ ಕೈ ಕೊಲೆಯ ಉದ್ದೇಶಕ್ಕೆ ಸಾಕ್ಷ್ಯವಾಗಬಲ್ಲದು. ‘ಅವನು ಹೊಡೆಯುವ ಜಾತಿ’ ಎಂಬ ಮಾತು ಆಗಲಾರದು.

ಆ ಸಾಕ್ಷ್ಯ ಸಿಗುವುದಾದರೂ ಎಲ್ಲಿ? ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಎಷ್ಟೋ ಕಡೆ ಕೂಗಿದರೆ ಕೇಳಿಸುವಷ್ಟು ಹತ್ತಿರ ಇನ್ನೊಂದು ಮನೆಯಿರುವುದಿಲ್ಲ. ಕರಾವಳಿಯ ಕೇರಿಗಳಲ್ಲಿ ಕೇಳಿಸುತ್ತದೆ, ಆದರೆ ಕಟಕಟೆ ಹತ್ತಲು ಜನ ಹಿಂಜರಿಯುತ್ತಾರೆ. ಆಗ ಉಳಿಯುವುದು ಕಾಗದ: ದೂರು ಕೊಟ್ಟದ್ದಕ್ಕೆ ಠಾಣೆಯಲ್ಲಿ ಸಿಕ್ಕ ಹಿಂಬರಹ, ತವರಿಗೆ ಕಳಿಸಿದ ಮೊಬೈಲ್ ಸಂದೇಶ, ತಾಲೂಕು ಆಸ್ಪತ್ರೆಯ ಹೊರರೋಗಿ ಚೀಟಿ. ಚೀಟಿಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದದ್ದು’ ಎಂದಿರಬಹುದು. ಅದರ ಕೆಳಗೇ ಮೇಲ್ತೋಳಿನ ಒಳಬದಿಯಲ್ಲಿ ನಾಲ್ಕು ಕಂದು ಕಲೆ ಎಂದು ವೈದ್ಯರು ಗುರುತಿಸಿದ್ದರೆ, ಜಾರಿ ಬಿದ್ದವರಿಗೆ ಅಲ್ಲಿ ಬೆರಳಿನ ಗುರುತು ಹೇಗೆ ಬಂತು ಎಂದು ಸರ್ಕಾರಿ ಅಭಿಯೋಜಕರು ಕೇಳಲೇಬೇಕು.

‘ಸುಸಂಗತ’ ಎಂದರೆ ಸಾಬೀತಾಯಿತು ಎಂದುಕೊಳ್ಳುವುದು ಇನ್ನೊಂದು ತಪ್ಪು. 1984ರ ಸಾರ್ಡಾ ಪ್ರಕರಣದಲ್ಲಿ, ಮದುವೆಯಾದ ಕೆಲವೇ ತಿಂಗಳಲ್ಲಿ ವಿಷದಿಂದ ಸತ್ತ ಹೆಂಡತಿ ಬರೆದಿದ್ದ ಪತ್ರಗಳನ್ನು ಸುಪ್ರೀಂ ಕೋರ್ಟ್ ಸಾವಿನ ಸಂದರ್ಭಕ್ಕೆ ಸಂಬಂಧಿಸಿದ ಹೇಳಿಕೆಗಳೆಂದು ಪರಿಗಣಿಸಿತು. ಆದರೂ ಗಂಡನನ್ನು ಬಿಡುಗಡೆ ಮಾಡಿತು, ಏಕೆಂದರೆ ಆತ್ಮಹತ್ಯೆಯ ಸಾಧ್ಯತೆ ಅಳಿದಿರಲಿಲ್ಲ. ಸಾವಿನ ಆರೋಪ ಬಿದ್ದುಹೋದರೆ ಸತ್ತವಳ ಮಾತೂ ಬಿದ್ದುಹೋಗುತ್ತದೆ ಎಂಬ ವಾದ ಬಹುಕಾಲ ನಡೆಯಿತು. 2022ರಲ್ಲಿ ಸುರೇಂದ್ರನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಅದನ್ನು ಸರಿಪಡಿಸಿತು: ವಿಚಾರಣೆಯಲ್ಲಿ ಸಾವಿನ ಕಾರಣ ಪ್ರಶ್ನೆಯಾಗಿದ್ದು, ಹೇಳಿಕೆ ಆ ಸಾವಿನ ಸಂದರ್ಭಕ್ಕೆ ಸೇರಿದ್ದರೆ, ಹೆಂಡತಿಯನ್ನು ಹಿಂಸಿಸಿದ ಕ್ರೌರ್ಯದ ಆರೋಪಕ್ಕೂ ಅದನ್ನು ಬಳಸಬಹುದು.